ಲಿನಕ್ಸ್‌ಗಾಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್: ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ ಕಾಣುತ್ತಿಲ್ಲ, ತಗೊಳ್ಳಲೋ ಬೇಡವೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪ್ರೋಗ್ರಾಮಿಂಗ್ ಕಲಿಯಲು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುತ್ತಿದ್ದೇನೆ. ಕೈಯಲ್ಲಿರುವ ದುಡ್ಡು ಕಡಿಮೆ. ವಿಂಡೋಸ್ ಬೇಡ, ಲಿನಕ್ಸ್ ಮಿಂಟ್ ಹಾಕಿಕೊಳ್ಳುವ ಆಸೆ. ಇಲ್ಲಿಯವರೆಗೆ ಎರಡು ಮೆಷಿನ್ ನೋಡಿದ್ದೇನೆ.

ಮೊದಲನೆಯದು ಹೊಸದರ ಹಾಗೇ ಇತ್ತು, ಒಂದು ಗೀರೂ ಇಲ್ಲ. ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಮೆಷಿನ್‌ನ ಸೆಟ್ಟಿಂಗ್ ಪುಟ) ಹೋಗೋಣ ಅಂದರೆ ಪಾಸ್‌ವರ್ಡ್ ಕೇಳಿತು. ಮಾರುವವರು "ಅದು ನಂಗೂ ಗೊತ್ತಿಲ್ಲ, ವಿಂಡೋಸ್ ಚೆನ್ನಾಗಿ ಓಡ್ತಿದೆಯಲ್ಲ, ಸಾಕಲ್ವಾ" ಅಂದರು.

ಎರಡನೆಯದು ಆಫೀಸ್ ಬಳಕೆಯ ಮಾಡೆಲ್. 8ನೇ ಪೀಳಿಗೆಯ ಇಂಟೆಲ್ ಐ5, 8 ಜಿಬಿ ರ್‍ಯಾಮ್, 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಡಿಸ್ಕ್). ಮೂಲೆಗಳು ಸವೆದಿವೆ. ನನ್ನ ಪೆನ್‌ಡ್ರೈವ್‌ನಿಂದ ಮಿಂಟ್ ಬೂಟ್ ಆಯಿತು. ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲ ಸರಿ. ಆದರೆ ಇನ್‌ಸ್ಟಾಲರ್ ತೆರೆದರೆ ಪೆನ್‌ಡ್ರೈವ್ ಬಿಟ್ಟು ಬೇರೆ ಡಿಸ್ಕೇ ಇಲ್ಲ. ಅದೇ ಡಿಸ್ಕಿನಿಂದ ವಿಂಡೋಸ್ ಮಾತ್ರ ಆರಾಮಾಗಿ ಬೂಟ್ ಆಗುತ್ತದೆ. ಎಸ್‌ಎಸ್‌ಡಿ ಹಾಳಾಗಿದೆಯಾ? ಅಥವಾ ಈ ಮಾಡೆಲ್ ಲಿನಕ್ಸ್‌ಗೆ ಆಗುವುದೇ ಇಲ್ಲವಾ? ಎರಡು ದಿನ ಟೈಮ್ ಕೇಳಿ ಬಂದಿದ್ದೇನೆ. ಯಾವುದನ್ನು ತಗೊಳ್ಳಲಿ?

ಉತ್ತರ 1

ಮೊದಲನೆಯದನ್ನು ಮರೆತುಬಿಡಿ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಆಫೀಸ್ ಲ್ಯಾಪ್‌ಟಾಪ್‌ಗಳ ಬಯಾಸ್ ಪಾಸ್‌ವರ್ಡ್ ಮದರ್‌ಬೋರ್ಡಿನ ಚಿಪ್‌ನಲ್ಲಿ ಕೂತಿರುತ್ತದೆ. ಹಳೇ ಡೆಸ್ಕ್‌ಟಾಪ್‌ಗಳ ಹಾಗೆ ಸಣ್ಣ ಬಟನ್ ಸೆಲ್ ತೆಗೆದು ಹಾಕಿದರೆ ಹೋಗುವುದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಮದರ್‌ಬೋರ್ಡನ್ನೇ ಬದಲಾಯಿಸಬೇಕು. ಬಯಾಸ್ ಒಳಗೆ ಹೋಗಲು ಆಗದಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವುದೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಇನ್ನೊಂದು ಮಾತು: ಅದು ಯಾವುದೋ ಸಂಸ್ಥೆ ಇನ್ನೂ ತನ್ನ ಲೆಕ್ಕದಿಂದ ಬಿಡದ ಮೆಷಿನ್ ಇರಬಹುದು, ಕದ್ದದ್ದೂ ಇರಬಹುದು.

ಎರಡನೆಯದರ ಬಯಾಸ್‌ನಲ್ಲೂ ಸೆಕ್ಯುರಿಟಿ ಪುಟ ತೆರೆದು 'ಅಬ್ಸಲ್ಯೂಟ್' ಅಥವಾ 'ಕಂಪ್ಯೂಟ್ರೇಸ್' ಅಂತ ಇದೆಯಾ ನೋಡಿ. ಅದು ಕಳೆದುಹೋದ ಮೆಷಿನ್ ಪತ್ತೆಹಚ್ಚಲು ಮಾಲೀಕರು ಹಾಕುವ ವ್ಯವಸ್ಥೆ. ಅದು 'ಆಕ್ಟಿವೇಟೆಡ್' ಅಂತ ಇದ್ದರೆ ಹಳೇ ಮಾಲೀಕರು ಅದನ್ನು ಬಿಡಿಸಿಕೊಡುವವರೆಗೆ ದುಡ್ಡು ಕೊಡಬೇಡಿ.

ಉತ್ತರ 2

ಎಸ್‌ಎಸ್‌ಡಿ ಹಾಳಾಗಿಲ್ಲ. ಹಾಳಾಗಿದ್ದರೆ ವಿಂಡೋಸ್ ಎಲ್ಲಿಂದ ಬೂಟ್ ಆಗುತ್ತಿತ್ತು? ಇದು ಬಯಾಸ್‌ನ ಒಂದು ಸೆಟ್ಟಿಂಗ್. ಸ್ಟೋರೇಜ್ ಅಥವಾ ಸಾಟಾ ವಿಭಾಗದಲ್ಲಿ 'ರೇಡ್ ಆನ್' ಅಥವಾ 'ಇಂಟೆಲ್ ಆರ್‌ಎಸ್‌ಟಿ' ಅಂತ ಇರುತ್ತದೆ. ಹಾಗಿದ್ದಾಗ ಎನ್‌ವಿಎಂಇ ಡಿಸ್ಕ್ ಇಂಟೆಲ್‌ನ ಕಂಟ್ರೋಲರ್ ಹಿಂದೆ ಅಡಗಿ ಕೂರುತ್ತದೆ. ವಿಂಡೋಸ್ ಹತ್ತಿರ ಅದಕ್ಕೆ ಬೇಕಾದ ಡ್ರೈವರ್ ಇದೆ. ಲಿನಕ್ಸ್‌ಗೆ ಆ ಡಿಸ್ಕ್ ಕಾಣುವುದೇ ಇಲ್ಲ. ಖಚಿತ ಮಾಡಿಕೊಳ್ಳಬೇಕಾ? ಪೆನ್‌ಡ್ರೈವ್‌ನಿಂದ ಬೂಟ್ ಆದ ಮಿಂಟ್‌ನ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಸುಡೋ ಜೊತೆ ಡಿ-ಮೆಸೇಜ್ ಕಮಾಂಡ್ (sudo dmesg) ಕೊಟ್ಟು 'ರೀಮ್ಯಾಪ್ಡ್ ಎನ್‌ವಿಎಂಇ' ಅನ್ನುವ ಸಾಲು ಹುಡುಕಿ. ರೇಡ್‌ನಿಂದ ಎಎಚ್‌ಸಿಐಗೆ (ಡಿಸ್ಕನ್ನು ಅಡಗಿಸದೆ ನೇರವಾಗಿ ತೋರಿಸುವ ಸೆಟ್ಟಿಂಗ್) ಬದಲಾಯಿಸಿ ಅಂತ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ತಾನೇ ಹೇಳಿರುತ್ತದೆ.

ಪರಿಹಾರ ಅಷ್ಟೇ: ಅದನ್ನು ಎಎಚ್‌ಸಿಐ ಮಾಡಿ, ಸೇವ್ ಮಾಡಿ, ಮತ್ತೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಬಯಾಸ್‌ಗೆ ಹೋಗಲು ಡೆಲ್‌ನಲ್ಲಿ ಎಫ್2, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10.

ಆದರೆ ಮೆಷಿನ್ ಇನ್ನೂ ನಿಮ್ಮದಲ್ಲ. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಅದರಲ್ಲಿರುವ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ತೋರಿಸುತ್ತದೆ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಇದ್ದರೆ ರಿಕವರಿ ಕೀ ಕೇಳಬಹುದು. ಹಾಗಾಗಿ ಮಾರುವವರಿಗೆ ಮೊದಲೇ ಹೇಳಿ, ಅವರ ಎದುರಿಗೇ ಬದಲಾಯಿಸಿ. ನೋಡಿಯಾದ ಮೇಲೆ ಮೊದಲಿದ್ದ ಹಾಗೇ ಇಟ್ಟು ಬನ್ನಿ.

ಅದೇ ಭೇಟಿಯಲ್ಲಿ ಉಳಿದದ್ದನ್ನೂ ನೋಡಿಬಿಡಿ. ನನ್ನ ಕ್ರಮ ಇದು: ಬದಲಾಯಿಸಲು ಆಗದ್ದನ್ನು ಮೊದಲು ನೋಡುತ್ತೇನೆ, ಬದಲಾಯಿಸಬಹುದಾದ್ದನ್ನು ಆಮೇಲೆ. ತುಂಬಾ ಜನ ತಿರುಗುಮುರುಗು ಮಾಡುತ್ತಾರೆ. ಬ್ಯಾಟರಿ ಕೆಟ್ಟಿದೆ ಅಂತ ಒಳ್ಳೇ ಮೆಷಿನ್ ಬಿಡುತ್ತಾರೆ. ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ 4 ಜಿಬಿ ಮೆಷಿನ್ ತಂದು ಆಮೇಲೆ ಪರದಾಡುತ್ತಾರೆ.

ಬದಲಾಯಿಸಲು ಆಗದ್ದು ಅಂದರೆ ಪ್ರೊಸೆಸರ್, ಬಯಾಸ್ ಲಾಕ್, ಗ್ರಾಫಿಕ್ಸ್ ಮತ್ತು ಬೆಸುಗೆಯ ರ್‍ಯಾಮ್. ಗ್ರಾಫಿಕ್ಸ್ ಇಂಟೆಲ್ ಅಥವಾ ಎಎಂಡಿ ಇದ್ದರೆ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ, ನೀವು ಏನೂ ಮಾಡಬೇಕಿಲ್ಲ. ಎನ್‌ವಿಡಿಯಾ ಕಾರ್ಡ್ ಬೇರೆಯಾಗಿ ಇದ್ದರೆ ಡ್ರೈವರ್ ಹಾಕಬೇಕು, ಬ್ಯಾಟರಿಯೂ ಜಾಸ್ತಿ ಖರ್ಚು. ಪ್ರೋಗ್ರಾಮಿಂಗ್ ಕಲಿಯಲು ಅದರ ಅಗತ್ಯವಿಲ್ಲ. ರ್‍ಯಾಮ್ ವಿಷಯದಲ್ಲಿ ಒಂದೇ ಅಕ್ಷರ ಎಷ್ಟು ಬದಲಾವಣೆ ತರುತ್ತದೆ ನೋಡಿ: ಥಿಂಕ್‌ಪ್ಯಾಡ್ ಟಿ480ಯಲ್ಲಿ ಎರಡು ಸ್ಲಾಟ್ ಇವೆ. ಟಿ480ಎಸ್‌ನಲ್ಲಿ ಸ್ವಲ್ಪ ರ್‍ಯಾಮ್ ಬೆಸುಗೆ, ಒಂದೇ ಸ್ಲಾಟ್. ಎಕ್ಸ್1 ಕಾರ್ಬನ್‌ನಲ್ಲಿ ಪೂರ್ತಿ ಬೆಸುಗೆ. ನೀವು ನೋಡಿದ ಮಾಡೆಲ್‌ನ ಪೂರ್ತಿ ಹೆಸರು ಬರೆದುಕೊಂಡು, ಅದರ ಸರ್ವಿಸ್ ಮ್ಯಾನುಯಲ್ ಹುಡುಕಿ ಓದಿ. ಆಫೀಸ್ ಮಾಡೆಲ್‌ಗಳಿಗೆ ಅದು ಸುಲಭವಾಗಿ ಸಿಗುತ್ತದೆ. ಯಾವ ಸ್ಕ್ರೂ ಎಲ್ಲಿದೆ ಅಂತ ಚಿತ್ರದ ಸಮೇತ ಇರುತ್ತದೆ. ಹಳೇ ಮೆಷಿನ್ ಇಟ್ಟುಕೊಳ್ಳುವವರಿಗೆ ಅದಕ್ಕಿಂತ ಒಳ್ಳೇ ಜೊತೆಗಾರ ಇಲ್ಲ.

ಬ್ಯಾಟರಿಗೆ ಟರ್ಮಿನಲ್‌ನಲ್ಲಿ ಯುಪವರ್ ಡಂಪ್ (upower --dump) ಕಮಾಂಡ್ ಕೊಟ್ಟು ನೋಡಿ. 'ಎನರ್ಜಿ ಫುಲ್' ಅಂದರೆ ಈಗ ತುಂಬುವ ಪ್ರಮಾಣ, 'ಎನರ್ಜಿ ಫುಲ್ ಡಿಸೈನ್' ಅಂದರೆ ಹೊಸದಿದ್ದಾಗ ಇದ್ದದ್ದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಟಚ್‌ಪ್ಯಾಡ್ ಉಬ್ಬಿದೆಯಾ, ಕೆಳಗಿನ ಕವರ್ ಬಾಗಿದೆಯಾ ಅಂತ ಕೈಯಾಡಿಸಿ ನೋಡಿ. ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನು ಚಾರ್ಜ್‌ಗೆ ಹಾಕಬೇಡಿ, ಅದು ಬೆಂಕಿಯ ಅಪಾಯ.

ಡಿಸ್ಕ್ ಕಂಡ ಮೇಲೆ ಸ್ಮಾರ್ಟ್‌ಮೊನ್‌ಟೂಲ್ಸ್ ಪ್ಯಾಕೇಜ್ ಹಾಕಿ ಅದರ ಆರೋಗ್ಯ ಓದಿ. ಎನ್‌ವಿಎಂಇಯಲ್ಲಿ 'ಪರ್ಸೆಂಟೇಜ್ ಯೂಸ್ಡ್' ಅಂತ ಬರುತ್ತದೆ. ಡಿಸ್ಕಿನ ಆಯುಷ್ಯದಲ್ಲಿ ಎಷ್ಟು ಸವೆದಿದೆ ಅನ್ನುವ ಅಂದಾಜು ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. 'ಮೀಡಿಯಾ ಎರರ್ಸ್' ಸೊನ್ನೆ ಇರಬೇಕು. ಕೊನೆಗೆ ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಯಿಂದ ಏಳದ ಲ್ಯಾಪ್‌ಟಾಪ್ ದಿನಾ ಕಾಡುತ್ತದೆ.

ಉತ್ತರ 3

ಮೇಲಿನವರ ಮಾತು ಸರಿ. ಒಂದೇ ಸೇರಿಸುತ್ತೇನೆ: 8ನೇ ಪೀಳಿಗೆಯೇ ಬೇಕು ಅಂತ ಹಠ ಬೇಡ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 6ನೇ ಪೀಳಿಗೆ ಇಲ್ಲ, 7ನೆಯದು ಬೆರಳೆಣಿಕೆಯಷ್ಟು ಮಾತ್ರ. ಹಾಗಾಗಿ ವಿಂಡೋಸ್‌ನವರಿಗೆ ಬೇಡವಾದರೂ, ಆ ಮೆಷಿನ್‌ಗಳಲ್ಲಿ ಲಿನಕ್ಸ್ ಚೆನ್ನಾಗಿ ಓಡುತ್ತದೆ. ದುಡ್ಡು ತೀರಾ ಕಡಿಮೆ ಇದ್ದರೆ ಆ ಕಡೆಯೂ ನೋಡಿ.

ಉತ್ತರ 2

ಒಪ್ಪುತ್ತೇನೆ. ಆದರೆ ಸ್ವಲ್ಪವೇ ಜಾಸ್ತಿ ಕೊಟ್ಟರೆ 8ನೆಯದು ಸಿಗುವುದಾದರೆ ಅದನ್ನೇ ತಗೊಳ್ಳಿ. ತೆಳು ಲ್ಯಾಪ್‌ಟಾಪ್‌ಗಳ ಐ5ನಲ್ಲಿ 7ನೇ ಪೀಳಿಗೆಯವರೆಗೆ ಎರಡೇ ಕೋರ್ ಇದ್ದವು. 8ನೆಯದರಲ್ಲಿ ನಾಲ್ಕಾದವು. ಬ್ರೌಸರ್, ಎಡಿಟರ್, ಕಂಪೈಲರ್ ಒಟ್ಟಿಗೆ ಓಡಿಸುವವರಿಗೆ ಇದು ಕಣ್ಣಿಗೆ ಕಾಣುವ ವ್ಯತ್ಯಾಸ.

ಪ್ರಶ್ನೆ ಕೇಳಿದವರು

ಇವತ್ತು ಹೋಗಿ ಬಂದೆ. ಮಾರುವವರು ಒಳ್ಳೆಯವರು, ಒಂದು ಗಂಟೆ ಕೂತು ನೋಡಲು ಬಿಟ್ಟರು.

ಡಿ-ಮೆಸೇಜ್‌ನಲ್ಲಿ ನೀವು ಹೇಳಿದ ಸಾಲೇ ಇತ್ತು! ಎಎಚ್‌ಸಿಐ ಮಾಡಿದೆ, ಡಿಸ್ಕ್ ಕಂಡಿತು. ಪರ್ಸೆಂಟೇಜ್ ಯೂಸ್ಡ್ 11, ಎರರ್ ಸೊನ್ನೆ. ಬಯಾಸ್‌ಗೆ ಪಾಸ್‌ವರ್ಡ್ ಇಲ್ಲ, ಕಂಪ್ಯೂಟ್ರೇಸ್ ಆಫ್. ರ್‍ಯಾಮ್‌ಗೆ ಎರಡು ಸ್ಲಾಟ್, ಒಂದು ಖಾಲಿ ಇದೆ. ಮುಚ್ಚಳ ಮುಚ್ಚಿ ತೆರೆದರೆ ತಕ್ಷಣ ಎದ್ದಿತು. ಬ್ಯಾಟರಿ ಮಾತ್ರ 48 ವ್ಯಾಟ್-ಅವರ್‌ನಲ್ಲಿ 27 ಉಳಿದಿದೆ. ಉಬ್ಬಿಲ್ಲ. ಇದು ತೀರಾ ಕಡಿಮೆ ಆಯ್ತಾ? ಕೀಬೋರ್ಡ್‌ನಲ್ಲಿ ಬಲಗಡೆಯ ಶಿಫ್ಟ್ ಕೂಡ ಸ್ವಲ್ಪ ಗಟ್ಟಿ ಒತ್ತಬೇಕು.

ಉತ್ತರ 2

27 ಅಂದರೆ ಶೇಕಡಾ 56. ಹಗುರ ಕೆಲಸಕ್ಕೆ ಮೂರು ಗಂಟೆ ಆಸುಪಾಸು ಬರಬಹುದು. ಬ್ಯಾಟರಿ ಬದಲಾಯಿಸಬಹುದಾದ ವಸ್ತು, ಅದಕ್ಕಾಗಿ ಈ ಮೆಷಿನ್ ಬಿಡಬೇಡಿ. ಆದರೆ ಹೊಸ ಬ್ಯಾಟರಿಯ ಬೆಲೆ ವಿಚಾರಿಸಿಕೊಂಡು ಹೋಗಿ. ಮಾತಾಡುವಾಗ ಆ ಲೆಕ್ಕ ಅವರ ಮುಂದೆ ಇಡಿ. ಶಿಫ್ಟ್ ಕೀ ವಿಷಯವನ್ನೂ ಹೇಳಿ.

ದುಡ್ಡು ಉಳಿದರೆ ಬ್ಯಾಟರಿಗಿಂತ ಮೊದಲು ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಹಾಕಿ. ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡಿ ವೇಗವಾಗಿ, ಓಡುತ್ತದೆ. ಇಂಟೆಲ್ ಗ್ರಾಫಿಕ್ಸ್ ಅದೇ ರ್‍ಯಾಮನ್ನು ಹಂಚಿಕೊಳ್ಳುವುದರಿಂದ ಅದಕ್ಕೂ ಲಾಭ.

ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪೂರ್ತಿ ಅಳಿಸಿ. ಹಳೇ ಮಾಲೀಕರ ಫೈಲ್‌ಗಳು ನಿಮ್ಮ ಹತ್ತಿರ ಇರಬಾರದು. ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಫೈಲ್ ಓದಲಾಗದ ಹಾಗೆ ಮಾಡುವುದು) ಆಯ್ಕೆಯನ್ನೂ ಆಗಲೇ ಟಿಕ್ ಮಾಡಿ, ಆಮೇಲೆ ಸೇರಿಸುವುದು ಕಷ್ಟ. ಮುಗಿದ ಮೇಲೆ ಬಯಾಸ್‌ನಂಥ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯೂಯುಪಿಡಿ (fwupd) ಓಡಿಸಿ. ಲೆನೊವೊ, ಡೆಲ್, ಎಚ್‌ಪಿ ಆಫೀಸ್ ಮಾಡೆಲ್‌ಗಳಲ್ಲಿ ಎಷ್ಟೋ ಮೆಷಿನ್‌ಗಳ ಬಯಾಸ್ ಅಪ್‌ಡೇಟ್ ಲಿನಕ್ಸ್ ಒಳಗಿಂದಲೇ ಸಿಗುತ್ತದೆ. ಚಾರ್ಜರ್ ಹಾಕಿಕೊಂಡೇ ಮಾಡಿ.

ಪ್ರಶ್ನೆ ಕೇಳಿದವರು

ತಗೊಂಡೆ. ಬ್ಯಾಟರಿಯ ಲೆಕ್ಕ ತೋರಿಸಿದ್ದಕ್ಕೆ ಅವರು ಬೆಲೆ ಇಳಿಸಿದರು. ಮಿಂಟ್ ಇನ್‌ಸ್ಟಾಲ್ ಆಯಿತು, ಬಯಾಸ್ ಅಪ್‌ಡೇಟ್ ಕೂಡ ಬಂತು. ಈಗ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ. ಫಿಂಗರ್‌ಪ್ರಿಂಟ್ ಮಾತ್ರ ಕೆಲಸ ಮಾಡುತ್ತಿಲ್ಲ.

ಉತ್ತರ 1

ತುಂಬಾ ಸಂತೋಷ! ಫಿಂಗರ್‌ಪ್ರಿಂಟ್‌ಗೆ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್‌ನಲ್ಲಿ ರೀಡರ್‌ನ ಐಡಿ ನೋಡಿ, ಲಿಬ್‌ಎಫ್‌ಪ್ರಿಂಟ್ (ಲಿನಕ್ಸ್‌ನಲ್ಲಿ ಫಿಂಗರ್‌ಪ್ರಿಂಟ್ ರೀಡರ್ ನಡೆಸುವ ಸಾಫ್ಟ್‌ವೇರ್) ಬೆಂಬಲಿಸುವ ಪಟ್ಟಿಯಲ್ಲಿ ಇದೆಯಾ ಹುಡುಕಿ. ಇದ್ದರೆ ಎಫ್‌ಪ್ರಿಂಟ್‌ಡಿ ಪ್ಯಾಕೇಜ್ ಹಾಕಿದರೆ ಸಾಕು. ಇಲ್ಲದಿದ್ದರೆ ಆ ಐಡಿಯನ್ನು ಇಲ್ಲಿ ಹಾಕಿ, ನೋಡೋಣ.