ಇಡೀ ಕ್ಲಾಸು ಒಂದೇ ಕಡೆ ಕೈ ಎತ್ತಿದರೆ ಮೇಷ್ಟ್ರು ಏನು ಮಾಡಬೇಕು?

ಪ್ರಶ್ನೆ:
ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವಾರ ಮರಣದಂಡನೆ ಬೇಕೋ ಬೇಡವೋ ಅಂತ ಚರ್ಚೆ ಇಟ್ಟಿದ್ದೆ. 23 ಜನ ಇದ್ದರು. ಬೇಕು ಅನ್ನುವವರು ಕೈ ಎತ್ತಿ ಅಂದೆ. ಒಂದು ಕೈಯೂ ಮೇಲೇಳಲಿಲ್ಲ. ಹತ್ತು ನಿಮಿಷಕ್ಕೆ ಚರ್ಚೆ ಮುಗಿದೇ ಹೋಯಿತು.

ಆಮೇಲೆ ನನ್ನ ರೂಮಿನ ಬಾಗಿಲಲ್ಲಿ ಒಬ್ಬ ಹುಡುಗಿ ಬ್ಯಾಗಿನ ಜಿಪ್ ಎಳೆಯುತ್ತಾ ಮುಚ್ಚುತ್ತಾ ನಿಂತಿದ್ದಳು. "ಸರ್, ನನಗೆ ಬೇಕು ಅಂತಾನೇ ಅನ್ನಿಸುತ್ತೆ. ಅಲ್ಲಿ ಹೇಳಿದ್ರೆ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಕಥೆ ಅಷ್ಟೇ" ಅಂದಳು. ಚುಚ್ಚಿದ್ದು ಮುಂದಿನ ಮಾತು: "ನಿಮ್ಮ ಅಭಿಪ್ರಾಯ ಏನು ಅಂತಲೂ ಎಲ್ಲರಿಗೂ ಗೊತ್ತಲ್ವಾ ಸರ್. ಮಾರ್ಕ್ಸ್ ನಿಮ್ಮ ಕೈಯಲ್ಲೇ ಇದೆ."

ನಾನು ಯಾರ ಬಾಯಿಯನ್ನೂ ಮುಚ್ಚಿಸಿದವನಲ್ಲ. ಮರಣದಂಡನೆ ಬೇಡ ಅಂತ ಒಂದೆರಡು ಲೇಖನ ಬರೆದಿದ್ದೇನೆ, ಅಷ್ಟೇ. ಇನ್ನು ಬರೆಯಬಾರದೇ?

ಉತ್ತರ 1 (ನಿವೃತ್ತ ಮೇಷ್ಟ್ರು):
ಧಾರಾಳವಾಗಿ ಬರೆಯಿರಿ. 1967ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಕ್ಯಾಲ್ವೆನ್ ಸಮಿತಿ ಇದನ್ನೇ ಯೋಚಿಸಿತ್ತು. ರಾಜಕೀಯ ವಿಷಯಗಳಲ್ಲಿ ಸಂಸ್ಥೆ ಸಾಮಾನ್ಯವಾಗಿ ಪಕ್ಷ ಹಿಡಿಯಬಾರದು, ಒಳಗಿರುವ ಮೇಷ್ಟ್ರು, ಹುಡುಗರು ಏನು ಬೇಕಾದರೂ ವಾದಿಸಲಿ ಅಂತ. ಆದರೆ ಕ್ಲಾಸಿನಲ್ಲಿ ನೀವು ಬರೀ ಲೇಖಕರಲ್ಲ, ಮಾರ್ಕ್ಸ್ ಹಾಕುವವರು. ಹೆಸರು ಮುಚ್ಚಿ ಪೇಪರ್ ತಿದ್ದಿ. ಮುಂದಿನ ಸಲ ಕೈ ಎತ್ತಿಸಬೇಡಿ, ಚೀಟಿ ಬರೆಸಿ. ಯಾರು ಯಾವ ಕಡೆ ವಾದಿಸಬೇಕು ಅನ್ನೋದನ್ನೂ ಚೀಟಿ ಎತ್ತಿಸಿಯೇ ಹಂಚಿ.

ಉತ್ತರ 2:
ಅತಿಯಾಯಿತು. 1964ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕ್ಯಾಂಪಸ್ಸಿನೊಳಗೆ ರಾಜಕೀಯ ಪ್ರಚಾರಕ್ಕೆ ಮೇಜು ಹಾಕಬಾರದು ಅಂತ ಆಡಳಿತವೇ ತಡೆದಿತ್ತು. ಒಬ್ಬನನ್ನು ಹಿಡಿದು ಕೂರಿಸಿದ ಪೊಲೀಸ್ ಕಾರನ್ನು ವಿದ್ಯಾರ್ಥಿಗಳು 32 ಗಂಟೆ ಸುತ್ತುವರಿದು ಕೂತರು. ನಿಮ್ಮ ಹುಡುಗಿಯನ್ನು ಯಾರು ತಡೆದರು? ಮಾತಾಡಿದರೆ ಎದುರು ಮಾತು ಬಂದೇ ಬರುತ್ತೆ. ಅದೂ ವಾಕ್ ಸ್ವಾತಂತ್ರ್ಯವೇ.

ಉತ್ತರ 3 (ವಿದ್ಯಾರ್ಥಿ):
ಎದುರು ಮಾತು ಬಂದರೆ ಖುಷಿಯೇ. ಬರೋದು ಮಾತಲ್ಲ, ಸ್ಕ್ರೀನ್‌ಶಾಟ್. ನಾನು ಮೊದಲ ಸೆಮಿಸ್ಟರಿನಲ್ಲಿ ಆಡಿದ ಒಂದು ವಾಕ್ಯ ಈಗಲೂ ನನಗೆ ಅಡ್ಡಹೆಸರು. ಸರ್, ನಮಗೆ ನಿಮ್ಮ ಭಯ ಕಮ್ಮಿ, ಪಕ್ಕದ ಬೆಂಚಿನ ಭಯ ಜಾಸ್ತಿ.

ಪ್ರಶ್ನೆ ಕೇಳಿದವರು:
ಇವತ್ತು ಚೀಟಿ ಬರೆಸಿದೆ. 23ರಲ್ಲಿ 6 ಚೀಟಿ 'ಬೇಕು'. ಎಣಿಸುವಾಗ ಕ್ಲಾಸಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ವಾದಕ್ಕೂ ಚೀಟಿ ಎತ್ತಿಸಿದೆ. ಯಾವಾಗಲೂ ಜೋರಾಗಿ ಮಾತಾಡುವ ಹುಡುಗನಿಗೆ 'ಬೇಕು' ಬಂತು, ಎರಡು ನಿಮಿಷ ತಡವರಿಸಿ ಕೂತ. ಆ ಹುಡುಗಿಗೆ ಬಂದದ್ದು 'ಬೇಡ'. ನನ್ನ ಲೇಖನಕ್ಕಿಂತ ಚೆನ್ನಾಗಿ ವಾದಿಸಿದಳು.