ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ: ಕಾನೂನು ಪ್ರಕಾರ ಎಲ್ಲಿಂದ ಹಿಡಿಯಬೇಕು?

ಹಳ್ಳಿಕಟ್ಟೆ:
ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಗೆದ್ದವರು ಒಬ್ಬರು, ಸಭೆ ನಡೆಸುವವರು ಇನ್ನೊಬ್ಬರು. ಪಂಚಾಯಿತಿ ಬೋರ್ಡಿನಲ್ಲಿ ಹೆಂಡತಿ ಹೆಸರು, ಕಾರಿನ ಗಾಜಿನ ಮೇಲೆ 'ಅಧ್ಯಕ್ಷರು' ಅಂತ ಗಂಡನ ಸ್ಟಿಕ್ಕರ್. ಸಬಲೀಕರಣದ ಭಾಷಣ ಸಾಕಷ್ಟು ಕೇಳಿದ್ದೇವೆ, ಅದು ಬೇಡ. ನೇರವಾಗಿ ಮೂರು ವಿಷಯ ತಿಳಿಯಬೇಕು. ಸಭೆಯಲ್ಲಿ ಗಂಡ ಕೂತು ಮಾತಾಡುವುದನ್ನು ತಡೆಯಲು ಏನು ಆಧಾರ? ಸಹಿ, ಪಾವತಿ ನಿಜವಾಗಿ ಅಧ್ಯಕ್ಷೆಯ ಕೈಗೆ ಬರುವುದು ಹೇಗೆ? ಎದುರಾಡಿದರೆ ಅವಿಶ್ವಾಸ ತಂದು ಇಳಿಸುತ್ತಾರೆ ಅನ್ನುವ ಹೆದರಿಕೆಯಲ್ಲಿ ಎಷ್ಟು ನಿಜ ಇದೆ?

ಕಡತಪ್ರಿಯ:
ಮೊದಲು ಯಾವ ಸಭೆ ಅಂತ ನೋಡಿ. ಗ್ರಾಮ ಸಭೆ, ವಾರ್ಡ್ ಸಭೆ ಮತದಾರರದು. ಅಲ್ಲಿಗೆ ಗಂಡ ಬರಬಹುದು, ಎದ್ದುನಿಂತು ಪ್ರಶ್ನೆಯನ್ನೂ ಕೇಳಬಹುದು. ವೇದಿಕೆ ಹತ್ತಿ ನಡೆಸುವ ಹಾಗಿಲ್ಲ. ಪಂಚಾಯಿತಿಯ ಸಾಮಾನ್ಯ ಸಭೆ ಬೇರೆ. ಅಲ್ಲಿ ಚರ್ಚಿಸುವುದು, ಮತ ಹಾಕುವುದು ಸದಸ್ಯರ ಹಕ್ಕು. ಅಧ್ಯಕ್ಷೆ ಬರದ ದಿನ ಆ ಕುರ್ಚಿ ಉಪಾಧ್ಯಕ್ಷರದು, ಗಂಡನದ್ದಲ್ಲ. 'ಮೇಡಂಗೆ ಹುಷಾರಿಲ್ಲ, ನಾನೇ ಬಂದೆ' ಅನ್ನುವ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಜಗಳವಿಲ್ಲದೆ ಮಾಡಬಹುದಾದ್ದು: ಸಭಾಂಗಣದಲ್ಲಿ ಸದಸ್ಯರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ ಇವರಿಗೆ ಬೇಕಾದಷ್ಟೇ ಕುರ್ಚಿ ಹಾಕಿಸಿ, ಪ್ರತಿ ಜಾಗಕ್ಕೂ ಹೆಸರಿನ ಫಲಕ ಇಡಿಸಿ. ಕೂರಲು ಜಾಗ ಇಲ್ಲದಿದ್ದರೆ ಅರ್ಧದಷ್ಟು ಜನ ತಾವಾಗಿಯೇ ಹೊರಗೆ ನಿಲ್ಲುತ್ತಾರೆ. ಆದರೂ ಕೂತರೆ ಯಾರಾದರೂ ಒಬ್ಬ ಸದಸ್ಯರು ಆಕ್ಷೇಪ ಎತ್ತಿ, ಅದು ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ ಎಂದು ಕೇಳಬೇಕು. ಪಿಡಿಒ ಬರೆಯದಿದ್ದರೆ ಅವತ್ತೇ ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ಪತ್ರ, ಜಿಲ್ಲಾ ಪಂಚಾಯಿತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಪ್ರತಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ. ಬಾಯಿಮಾತಿನ ದೂರಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಇನ್ನು ನಡಾವಳಿ ಪುಸ್ತಕ. ಕೊನೆಯ ಠರಾವಿನ (ನಿರ್ಣಯದ) ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟು 'ಇಲ್ಲಿ ಸಹಿ ಮಾಡಿ ಮೇಡಂ' ಅನ್ನುವುದು ಹಳೇ ಚಾಳಿ. ಸಭೆ ಮುಗಿದ ಮೇಲೆ ಆ ಜಾಗದಲ್ಲಿ ಇನ್ನೊಂದು ಕಾಮಗಾರಿ ಹುಟ್ಟಿಕೊಳ್ಳುತ್ತದೆ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ಕೊನೆಯ ಸಾಲಿಗೆ ಅಂಟಿಕೊಂಡಂತೆ ಸಹಿ ಮಾಡಿ ದಿನಾಂಕ ಹಾಕಬೇಕು. ಆಮೇಲೆ ಆ ಪುಟದ ಫೋಟೊ ಅಧ್ಯಕ್ಷೆಯ ಸ್ವಂತ ಫೋನಿನಲ್ಲಿರಲಿ. ಸಾಮಾನ್ಯ ಸದಸ್ಯೆಗೆ ಪುಸ್ತಕ ತೋರಿಸಲು ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಅರ್ಜಿ ಹಾಕಿ ದೃಢೀಕೃತ ನಕಲು ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಬಯಲುಸೀಮೆ:
ಎರಡನೇ ಪ್ರಶ್ನೆಗೆ ಬರುತ್ತೇನೆ. ಚೆಕ್ ಕಾಲ ಹೋಯಿತು, ಈಗ ಪಾವತಿಗೆ ಪಿಡಿಒ ಮತ್ತು ಅಧ್ಯಕ್ಷೆ ಇಬ್ಬರ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಪೆನ್‌ಡ್ರೈವ್ ತರಹದ ಒಂದು ಡಾಂಗಲ್‌ನಲ್ಲಿ. ಅದು ಗಂಡನ ಜೇಬಿನಲ್ಲೋ ಕಂಪ್ಯೂಟರ್ ಆಪರೇಟರ್ ಡ್ರಾದಲ್ಲೋ ಇರುತ್ತದೆ. ಪಿನ್ ನಂಬರನ್ನು ಡಾಂಗಲ್ ಮೇಲೇ ಚೀಟಿ ಅಂಟಿಸಿ ಬರೆದಿರುತ್ತಾರೆ! ನೋಂದಣಿ ಮಾಡಿಸುವಾಗ ಕೊಟ್ಟ ಮೊಬೈಲ್ ನಂಬರೂ ಗಂಡನದೇ, ಹಾಗಾಗಿ ಒಟಿಪಿ ಹೋಗುವುದೂ ಅವನಿಗೇ. ಅಲ್ಲಿಗೆ ಅಧ್ಯಕ್ಷೆ ಮನೆಯಲ್ಲಿ ರೊಟ್ಟಿ ತಟ್ಟುತ್ತಿರುವಾಗಲೇ ಲಕ್ಷಗಟ್ಟಲೆ ಬಿಲ್ ಪಾಸಾಗುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಅಧ್ಯಕ್ಷೆಯ ಹೆಸರಲ್ಲೇ ಸಿಮ್, ಆಮೇಲೆ ಆ ನಂಬರಿನಲ್ಲಿ ಡಿಜಿಟಲ್ ಸಹಿ. ಈ ಕ್ರಮ ತಿರುವುಮುರುವಾದರೆ ಎಲ್ಲವನ್ನೂ ಮತ್ತೆ ಮಾಡಿಸಬೇಕಾಗುತ್ತದೆ. ಡಾಂಗಲ್ ಕೈಗೆ ಬಂದ ದಿನವೇ ಪಿನ್ ಬದಲಿಸಿ.

ಪಾವತಿಗೆ ಡಿಜಿಟಲ್ ಸಹಿ ಒತ್ತುವ ಮೊದಲು ಕಡತದಲ್ಲಿ ಇವಿಷ್ಟು ಇರಬೇಕು: ಕಾಮಗಾರಿಗೆ ಠರಾವು ಆಗಿದೆಯೇ, ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ ಇದೆಯೇ, ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದಿದ್ದಾರೆಯೇ, ಮೊದಲು-ನಡುವೆ-ಮುಗಿದ ಮೇಲೆ ತೆಗೆದ ಫೋಟೊ ಒಂದೇ ಜಾಗದ್ದೇ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ 'ಕಡತ ಪೂರ್ಣವಿಲ್ಲ' ಅಂತ ಬರೆದು ವಾಪಸ್ ಕಳಿಸಿ. ನೆನಪಿರಲಿ, ಕರ್ತವ್ಯಲೋಪ, ದುರ್ನಡತೆಗೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಸೆಕ್ಷನ್ 48(4)ರ ಅಡಿ ಅಧಿಕಾರ ಕಳೆದುಕೊಳ್ಳುವವರು ಅಧ್ಯಕ್ಷೆ. 'ಒತ್ತಿದ್ದು ನನ್ನ ಗಂಡ' ಅಂದರೆ ತಪ್ಪು ಕಡಿಮೆಯಾಗುವುದಿಲ್ಲ, ಇನ್ನೊಂದು ಸೇರಿಕೊಳ್ಳುತ್ತದೆ.

ಹಳ್ಳಿಕಟ್ಟೆ:
ಡಾಂಗಲ್ ಈಗಾಗಲೇ ಬೇರೆಯವರ ಕೈ ಸೇರಿದ್ದರೆ? ಕೇಳಿದರೆ ಕೊಡುವುದಿಲ್ಲ ಅಂತಿಟ್ಟುಕೊಳ್ಳಿ.

ಬಯಲುಸೀಮೆ:
ಹಾಗಿದ್ದರೆ ಅದನ್ನು ಕೇಳುತ್ತಾ ಕೂರಬೇಡಿ, ರದ್ದು ಮಾಡಿಸಿ. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ತಡಮಾಡದೆ ಲಿಖಿತವಾಗಿ ತಿಳಿಸಬೇಕು, ಇಒ ಮತ್ತು ಪಿಡಿಒಗೆ ಪ್ರತಿ ಕೊಡಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 42 ಪ್ರಕಾರ ಹಾಗೆ ತಿಳಿಸುವವರೆಗೆ ಹೊಣೆ ಸಹಿಯ ಒಡತಿಯದೇ. ಇನ್ನೊಬ್ಬರ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸುವುದು 66ಸಿ ಅಡಿ ಅಪರಾಧ: 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಬಹುಪಾಲು ಕಡೆ ಈ ಸೆಕ್ಷನ್ ಹೆಸರು ಎತ್ತಿದರೆ ಸಾಕು, ಸಂಜೆಯೊಳಗೆ ಡಾಂಗಲ್ ಮನೆಗೆ ಬರುತ್ತದೆ.

ನೇರಮಾತು:
ಎಲ್ಲರೂ ಗಂಡನ ಹಿಂದೆಯೇ ಬಿದ್ದಿದ್ದೀರಿ. ಗಂಡನ ಜತೆ ಎರಡೇ ನಿಮಿಷದಲ್ಲಿ ವ್ಯವಹಾರ ಮುಗಿಯುತ್ತದೆ ಅಂತ ಅವನಿಗೇ ಫೋನ್ ಮಾಡುವ ಪಿಡಿಒ, ಗುತ್ತಿಗೆದಾರ, ಊರಿನ ಬಲಾಢ್ಯ ಸದಸ್ಯ, ಇವರ ಮಾತೇ ಇಲ್ಲ. ಸಭೆ ನೋಟಿಸ್ ಗಂಡನ ವಾಟ್ಸ್ಆ್ಯಪ್‌ಗೆ ಹೋಗುವುದು ಗಂಡನ ತಪ್ಪಲ್ಲ, ಕಳಿಸಿದವರದು. ಕಾರ್ಯಸೂಚಿ ಸಹಿತ ಲಿಖಿತ ನೋಟಿಸ್ ಸದಸ್ಯೆಯ ಕೈಗೇ ಕೊಟ್ಟು ಸಹಿ ಪಡೆಯಬೇಕು ಅಂತ ಮೊದಲ ಸಭೆಯಲ್ಲೇ ಠರಾವು ಮಾಡಿಸಿ. ಸಭೆಯ ಹೊತ್ತೂ ಮುಖ್ಯ: ಸಂಜೆ 5ಕ್ಕೆ ಕರೆದು 8ರವರೆಗೆ ಎಳೆದರೆ ಪಕ್ಕದ ಹಳ್ಳಿಯ ಸದಸ್ಯೆ ವಾಪಸ್ ಹೋಗಲು ಬಸ್ ಇರುವುದಿಲ್ಲ, ಮುಂದಿನ ಸಲ ಗಂಡನನ್ನು ಕರೆದುಕೊಂಡೇ ಬರುತ್ತಾರೆ. ಬೆಳಿಗ್ಗೆ 11ಕ್ಕೆ ಇಟ್ಟರೆ ಅರ್ಧ ಸಮಸ್ಯೆ ಇಲ್ಲ.

ಇದೇ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಿಂದಾಗಿ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಸಮಿತಿ ಮಾಡಿತು. 2025ರಲ್ಲಿ ವರದಿ ಬಂತು, ಅದರಲ್ಲಿ ಬದಲಿ ಆಡಳಿತ (ಗೆದ್ದವಳ ಹೆಸರಲ್ಲಿ ಬೇರೆಯವರು ಅಧಿಕಾರ ನಡೆಸುವುದು) ಸಾಬೀತಾದರೆ ಕಠಿಣ ದಂಡನೆಯ ಶಿಫಾರಸು ಇದೆ. ದಂಡ ಯಾರಿಗೆ ಅನ್ನುವುದೇ ನನ್ನ ತಕರಾರು. ಅಧ್ಯಕ್ಷೆಯನ್ನೇ ಅನರ್ಹಗೊಳಿಸಿದರೆ ಗಂಡನಿಗೆ ಕಳೆದುಕೊಳ್ಳುವುದೇನಿದೆ?

ಪರಿಶಿಷ್ಟ ಜಾತಿ, ಪಂಗಡದ ಅಧ್ಯಕ್ಷೆಯರ ವಿಷಯದಲ್ಲಿ ಒಂದು ಗಟ್ಟಿ ಆಧಾರ ಇದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದ ಮೇಲೆ, ಆ ಸಮುದಾಯದ ಪಂಚಾಯಿತಿ ಸದಸ್ಯರು, ಅಧ್ಯಕ್ಷರು ಕೆಲಸ ಮಾಡದಂತೆ ಬೆದರಿಸುವುದು, ಅಡ್ಡಿ ಮಾಡುವುದು ಸೆಕ್ಷನ್ 3(1)(ಎಂ) ಅಡಿ ಅಪರಾಧ. ಆರೋಪಿ ಪರಿಶಿಷ್ಟರಲ್ಲದವರಾಗಿದ್ದರೆ ಮಾತ್ರ ಅನ್ವಯ. ದೂರಿನಲ್ಲಿ 'ಅವಮಾನ ಮಾಡಿದರು' ಅಂತಷ್ಟೇ ಬರೆದರೆ ಸಾಲದು. ಯಾವ ದಿನ, ಯಾವ ಸಭೆ, ಅಧ್ಯಕ್ಷರಾಗಿ ಯಾವ ಕೆಲಸಕ್ಕೆ ಅಡ್ಡಿ, ಆಡಿದ ಮಾತು ಇದ್ದ ಹಾಗೇ, ಇಷ್ಟೂ ಇರಲಿ.

ಕಡತಪ್ರಿಯ:
ಅವಿಶ್ವಾಸದ ಲೆಕ್ಕ ಉಳಿದಿತ್ತು. ಗೊತ್ತುವಳಿಯ ನೋಟಿಸ್ ಹೋಗುವುದು ಉಪವಿಭಾಗಾಧಿಕಾರಿಗೆ, ಸಭೆ ಕರೆಯುವುದೂ ಅವರೇ. ಪಾಸಾಗಲು ಒಟ್ಟು ಸದಸ್ಯರ ಮೂರನೇ ಎರಡು ಬೇಕು, ಹಾಜರಿದ್ದವರದ್ದಲ್ಲ. 15 ಜನರ ಪಂಚಾಯಿತಿಯಲ್ಲಿ 10 ಮತ. ಅಂದರೆ ಅಧ್ಯಕ್ಷೆಯೂ ಸೇರಿ 6 ಜನ ಗಟ್ಟಿಯಾಗಿ ನಿಂತರೆ ಮುಗಿಯಿತು. ರಾಜ್ಯದಲ್ಲಿ ಮಹಿಳಾ ಮೀಸಲು ಶೇ 50 ಇರುವುದರಿಂದ ಆ ಸಭೆಯಲ್ಲಿ ಏಳೆಂಟು ಹೆಂಗಸರಾದರೂ ಇರುತ್ತಾರೆ; ಸಭೆಗೆ ಅರ್ಧ ಗಂಟೆ ಮೊದಲು ಅವರು ಒಟ್ಟಿಗೆ ಕೂತು ಕಾರ್ಯಸೂಚಿ ಓದುವ ರೂಢಿ ಇದ್ದರೆ ಆ 6 ತಾನಾಗಿ ಕೂಡುತ್ತದೆ. ಅಧಿಕಾರಕ್ಕೆ ಬಂದ ಆರಂಭದ ತಿಂಗಳುಗಳಲ್ಲಿ ಅವಿಶ್ವಾಸ ತರುವಂತಿಲ್ಲ ಅನ್ನುವ ನಿರ್ಬಂಧವೂ ಇದೆ. ಆ ಅವಧಿ ತಿದ್ದುಪಡಿಗಳಲ್ಲಿ ಬದಲಾಗಿದೆ, ಹಾಗಾಗಿ ಹಳೇ ಪುಸ್ತಕ ನಂಬದೆ ಪಂಚಾಯತ್ ರಾಜ್ ಕಾಯ್ದೆಯ ಈಗಿನ ಸೆಕ್ಷನ್ 49 ತೆಗೆದು ನೋಡಿ.

ನಿಜಕ್ಕೂ ಇಳಿಸುವುದು ಅವಿಶ್ವಾಸದಿಂದ ಕಡಿಮೆ, 'ಒಪ್ಪಂದ'ದಿಂದ ಜಾಸ್ತಿ. 30 ತಿಂಗಳ ಅಧಿಕಾರಾವಧಿಯಲ್ಲಿ ನಿನಗೆ 15, ಅವಳಿಗೆ 15 ಅಂತ ದೇವಸ್ಥಾನದಲ್ಲಿ ಆಣೆ ಮಾಡಿಸಿ, ದಿನಾಂಕ ಹಾಕದ ರಾಜೀನಾಮೆ ಪತ್ರಕ್ಕೆ ಮೊದಲೇ ಸಹಿ ತೆಗೆದುಕೊಂಡಿರುತ್ತಾರೆ. ಆ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಅಂಥ ಪತ್ರ ಯಾರ ಬಳಿಯಾದರೂ ಇದ್ದರೆ, ಅದು ನನ್ನ ಇಚ್ಛೆಯಿಂದ ಕೊಟ್ಟದ್ದಲ್ಲ, ನಾನು ಖುದ್ದಾಗಿ ಬಂದು ಕೊಡದ ಯಾವ ರಾಜೀನಾಮೆಯನ್ನೂ ಅಂಗೀಕರಿಸಬಾರದು ಅಂತ ಉಪವಿಭಾಗಾಧಿಕಾರಿಗೆ ಇವತ್ತೇ ಬರೆದು ಮೊಹರು ಹಾಕಿಸಿಕೊಳ್ಳಿ.

ತುಂಗೆ ದಡ:
ಮುಂದಿನ ಸಲ ನಿಲ್ಲುವವರಿಗೆ ಎರಡು ಮಾತು. ಮದುವೆಯಾಗಿ ಬಂದವರ ಹೆಸರು ಎಷ್ಟೋ ಸಲ ತವರಿನ ಮತದಾರರ ಪಟ್ಟಿಯಲ್ಲೇ ಉಳಿದಿರುತ್ತದೆ. ನಮೂನೆ 8ರಲ್ಲಿ ವರ್ಗ ಮಾಡಿಸುವ ಕೆಲಸ ಚುನಾವಣೆ ಘೋಷಣೆಗೆ ಕಾಯಬಾರದು. ಮೀಸಲು ಕ್ಷೇತ್ರವಾದರೆ ಜಾತಿ ಪ್ರಮಾಣಪತ್ರ ತಂದೆಯ ಜಾತಿ ಆಧರಿಸಿದ್ದೇ ಆಗಬೇಕು. ಅಂತರ್ಜಾತಿ ಮದುವೆಯಾದವರು ಗಂಡನ ಕಡೆಯ ದಾಖಲೆ ಕೊಟ್ಟು ಗೆದ್ದರೂ ಆಮೇಲೆ ಕೋರ್ಟಿನಲ್ಲಿ ಸೋಲುತ್ತಾರೆ.

ವಾರ್ಡು 'ಸಾಮಾನ್ಯ'ಕ್ಕೆ ಬದಲಾದ ತಕ್ಷಣ 'ಇದು ಗಂಡಸರ ಸೀಟು, ನೀವು ಬಿಡಿ' ಅನ್ನುತ್ತಾರೆ. ಸಾಮಾನ್ಯ ಕ್ಷೇತ್ರ ಎಲ್ಲರದು. ಐದು ವರ್ಷ ಕೆಲಸ ಕಲಿತವರು ಹೀಗೆ ಮನೆಗೆ ಹೋಗುವುದರಿಂದಲೇ ಮೇಲಿನ ಮೆಟ್ಟಿಲಿಗೆ ಹೆಂಗಸರು ಸಿಗುವುದಿಲ್ಲ: 2023ರ ವಿಧಾನಸಭೆ ಚುನಾವಣೆಯಲ್ಲಿ 224ರಲ್ಲಿ ಗೆದ್ದವರು 10 ಮಂದಿ. ಅದೇ ವಾರ್ಡಿನಲ್ಲಿ ನಾಮಪತ್ರ ಹಾಕಿ. ಸೂಚಕರು ಆ ವಾರ್ಡಿನ ಮತದಾರರೇ ಆಗಿರಲಿ, ಕೊನೆಯ ದಿನದ ಮಧ್ಯಾಹ್ನದವರೆಗೆ ಕಾಯಬೇಡಿ.