ಬಾಬಾಬುಡನ್‌ಗಿರಿ ಕಡೆಯ ಕಲ್ಲುದಾರಿಗೆ ಹಗುರ ಎಂಟಿಬಿ (ಮೌಂಟನ್ ಬೈಕ್) ಟೈರ್ ತಡೆಯುತ್ತಾ?

ಕೈಮರ_29:
ಹಾರ್ಡ್‌ಟೇಲ್ (ಹಿಂದೆ ಶಾಕ್ ಇಲ್ಲದ ಸೈಕಲ್), 29 ಇಂಚಿನ ಚಕ್ರ, ರಿಮ್ಮಿನ ಒಳ ಅಗಲ 25 ಮಿ.ಮೀ. ಹಿಂದೆ ಮುಂದೆ ಎರಡಕ್ಕೂ 2.25 ಇಂಚು ಅಗಲದ ಎಕ್ಸ್‌ಸಿ (ಕ್ರಾಸ್‌ಕಂಟ್ರಿ) ಟೈರ್, ಒಂದೊಂದು 640 ಗ್ರಾಂ, 120 ಟಿಪಿಐ (ಇಂಚಿಗೆ ಎಷ್ಟು ಎಳೆ ಅನ್ನುವ ಲೆಕ್ಕ), ಟ್ಯೂಬ್‌ಲೆಸ್. ನನ್ನ ತೂಕ 72 ಕೆ.ಜಿ. ಓಡಾಟ ಹೆಚ್ಚಾಗಿ ಕೈಮರದ ಮೇಲಿನ ಜೀಪ್ ದಾರಿ, ಎಸ್ಟೇಟ್ ರಸ್ತೆ. ಆಗಾಗ ಕಡೂರು ಕಡೆ. ಹಿಂದಿನ ಟೈರ್ ಎರಡು ಸಲ ಸೈಡಿನಲ್ಲೇ ಕೊಯ್ದುಹೋಯಿತು, ಬಟನ್ (ನೆಲಕ್ಕೆ ತಾಗುವ ರಬ್ಬರ್ ಗುಬ್ಬಿ) ಇನ್ನೂ ಅರ್ಧ ಕೂಡ ಸವೆದಿಲ್ಲ. ಸೀಲೆಂಟ್ (ತೂತು ಮುಚ್ಚಲು ಒಳಗೆ ಹಾಕುವ ದ್ರವ) ಚಿಮ್ಮಿತೇ ಹೊರತು ಮುಚ್ಚಲಿಲ್ಲ. ಗಾಳಿ ಎರಡಕ್ಕೂ 20 ಪಿಎಸ್‌ಐ. ಭಾರದ ಟೈರ್ ಹಾಕಿದರೆ ಏರು ಹತ್ತುವುದು ಕಷ್ಟ ಅನ್ನುವ ಅಳುಕು. ಬೇರೆ ದಾರಿ ಇದೆಯಾ?

ಗಾಲಿಮನೆ:
ಮೊದಲು ಆ ಗಾಯವನ್ನು ಬೆರಳಲ್ಲಿ ಅಗಲಿಸಿ ನೋಡಿ ಸರ್. ಬೀಡಿಗೆ (ರಿಮ್ಮಿನಲ್ಲಿ ಕೂರುವ ಟೈರಿನ ಅಂಚು) ಅಂಟಿಕೊಂಡಂತೆ ಗಿಡ್ಡ ಸೀಳು, ಅದರ ನೇರಕ್ಕೆ ಬಟನ್ ಹತ್ತಿರ ಇನ್ನೊಂದು ಇದ್ದರೆ, ಕಲ್ಲಿಗೂ ರಿಮ್ಮಿಗೂ ನಡುವೆ ಟೈರ್ ಸಿಕ್ಕಿ ಜಜ್ಜಿದೆ ಅಂತ ಅರ್ಥ. ಅದಕ್ಕೆ ಗಾಳಿ ಏರಿಸಿದರೆ ಆಯಿತು. ಬಟನ್ ಸಾಲು ಮುಗಿದ ಕೂಡಲೇ ಬ್ಲೇಡ್ ಎಳೆದ ಹಾಗಿದ್ದರೆ ಕಲ್ಲಿನ ಅಂಚೇ ಕೊಯ್ದಿದೆ. ಅದಕ್ಕೆ ಗಾಳಿಯಿಂದ ಹೆಚ್ಚು ಉಪಯೋಗವಿಲ್ಲ, ಕೇಸಿಂಗ್ (ಎಳೆ, ರಬ್ಬರ್ ಸೇರಿದ ಟೈರಿನ ಒಡಲು) ಬದಲಾಗಬೇಕು.

ನಿಮ್ಮದು ಎರಡನೆಯದೇ ಇರಬೇಕು. ಬಾಬಾಬುಡನ್‌ಗಿರಿ ಸಾಲಿನಲ್ಲಿ ಕಬ್ಬಿಣದ ಅದಿರಿನ ಪಟ್ಟೆ ಕಲ್ಲು ಜಾಸ್ತಿ. ಒಡೆದರೆ ಉರುಟಾಗಲ್ಲ, ಮೂಲೆ ಮೂಲೆಯಾಗಿ ಚೂಪಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋದ ಮೇಲೆ ಆ ಅಂಚುಗಳೆಲ್ಲ ದಾರಿಯಲ್ಲಿ ಎದ್ದಿರುತ್ತವೆ. ಜೊತೆಗೆ ಒದ್ದೆ ರಬ್ಬರ್ ಒಣ ರಬ್ಬರಿಗಿಂತ ಸಲೀಸಾಗಿ ಕೊಯ್ದುಹೋಗುತ್ತದೆ.

120 ಟಿಪಿಐ ಅಂದರೆ ಗಟ್ಟಿ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಒಂದು ಇಂಚಿನಲ್ಲಿ ಅಷ್ಟು ಎಳೆ ಹಿಡಿಸಬೇಕಾದರೆ ಎಳೆ ತೆಳ್ಳಗಿರಲೇಬೇಕು, ಸುತ್ತಲಿನ ರಬ್ಬರೂ ಕಡಿಮೆ. ಟೈರ್ ಮೆತ್ತಗೆ ಓಡುತ್ತದೆ, ಸೈಡ್ ಬೇಗ ಹರಿಯುತ್ತದೆ. 60 ಟಿಪಿಐಯಲ್ಲಿ ಎಳೆಯೂ ದಪ್ಪ, ರಬ್ಬರೂ ದಪ್ಪ. ಕೆಲವು ಕಂಪನಿಯವರು ಪದರಗಳನ್ನೆಲ್ಲ ಕೂಡಿಸಿ ಲೆಕ್ಕ ಕೊಡುವುದರಿಂದ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಡಿ.

ಎರಡೂ ಬದಲಿಸುವ ಅಗತ್ಯವಿಲ್ಲ. ಭಾರ ಬೀಳುವುದು ಹಿಂದೆ. ಮುಂದಿನ ಚಕ್ರವನ್ನು ಕಲ್ಲು ತಪ್ಪಿಸಿ ತಿರುಗಿಸಿದರೂ ಹಿಂದಿನದು ಒಳಗೆ ಜಾರಿ ಅದೇ ಕಲ್ಲಿಗೆ ಸೈಡ್ ಕೊಡುತ್ತದೆ. ಹಿಂದಕ್ಕೆ ಮಾತ್ರ ಸೈಡ್ ರಕ್ಷಣೆ ಇರುವ 850 ಗ್ರಾಂ ಆಸುಪಾಸಿನ 2.35 ಹಾಕಿ. ಮ್ಯಾಕ್ಸಿಸ್ ಕಂಪನಿಯದಾದರೆ ಎಕ್ಸೊ ಕೇಸಿಂಗ್, ಶ್ವಾಲ್ಬೆಯದಾದರೆ ಸೂಪರ್ ಗ್ರೌಂಡ್. ಹೆಚ್ಚಾಗುವುದು 200 ಗ್ರಾಂ ಚಿಲ್ಲರೆ. ಏರಿನಲ್ಲಿ ಗೊತ್ತಾಗುತ್ತದೆ, ಆದರೆ ಸೈಕಲ್ ಹೊತ್ತು ಇಳಿಯುವಷ್ಟಲ್ಲ. ಕೊಳ್ಳುವ ಮುಂಚೆ ಫ್ರೇಮಿನಲ್ಲಿ ಎರಡೂ ಕಡೆ 6 ಮಿ.ಮೀ. ಜಾಗ ಉಳಿಯುತ್ತಾ ಅಳೆಯಿರಿ, ಇಲ್ಲದಿದ್ದರೆ ಮಳೆಗಾಲದ ಜೇಡಿ ಸಿಕ್ಕಿ ಚಕ್ರ ನಿಲ್ಲುತ್ತದೆ.

ಜಾಲಿಮುಳ್ಳು:
ಕೇಸಿಂಗ್ ವಿಷಯ ಒಪ್ಪಿದೆ, ಆದರೆ ಗಾಳಿಯ ಮಾತನ್ನು ಅಷ್ಟು ಸುಲಭವಾಗಿ ಕೈಬಿಡಬೇಡಿ. 72 ಕೆ.ಜಿ.ಗೆ 20 ಪಿಎಸ್‌ಐ ಮುಂದಕ್ಕೆ ಸರಿ, ಹಿಂದಕ್ಕೆ ಕಡಿಮೆ. ಹಿಂದೆ 24ರಿಂದ ಶುರು ಮಾಡಿ. ದೊಡ್ಡ ಪಂಪಿನ ಗೇಜ್ ಇಷ್ಟು ಕಡಿಮೆ ಗಾಳಿಯಲ್ಲಿ ಎರಡು ಮೂರು ಪಿಎಸ್‌ಐ ಸುಳ್ಳು ಹೇಳಬಹುದು. ಬೇರೆ ಡಿಜಿಟಲ್ ಗೇಜ್ ಇಟ್ಟುಕೊಳ್ಳಿ.

ಕಡೂರು, ಅರಸೀಕೆರೆ ಕಡೆಯ ಬಯಲಿನಲ್ಲಿ ಶತ್ರು ಕಲ್ಲಲ್ಲ, ಜಾಲಿಮುಳ್ಳು. ಅಲ್ಲಿ ಹಗುರ ಟೈರೂ ನಡೆಯುತ್ತದೆ, ಒಳಗೆ ಸೀಲೆಂಟ್ ಹಸಿ ಇದ್ದರೆ. ಒಂದು ಚಕ್ರಕ್ಕೆ 100–120 ಮಿ.ಲೀ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ: ವಾಲ್ವ್ ಕೆಳಗೆ ಬರುವಂತೆ ಚಕ್ರ ನಿಲ್ಲಿಸಿ, ಗಾಳಿ ಬಿಟ್ಟು, ವಾಲ್ವ್ ಒಳಗಿನ ಕೋರ್ ಬಿಚ್ಚಿ, ತೆಳುವಾದ ಕೇಬಲ್ ಟೈ ಇಳಿಬಿಡಿ. ತುದಿ ಒದ್ದೆಯಾಗದೆ ಬಂದರೆ ಒಣಗಿದೆ. ಮುಳ್ಳು ಕಿತ್ತ ಕೂಡಲೇ ಚಕ್ರ ತಿರುಗಿಸಿ ತೂತನ್ನು ಕೆಳಕ್ಕೆ ತನ್ನಿ.

ಕೈಮರ_29:
ನೋಡಿದೆ, ಬಟನ್ ಪಕ್ಕದಲ್ಲೇ ಉದ್ದ ಗಾಯ, 8 ಮಿ.ಮೀ. ಗಾಲಿಮನೆ ಹೇಳಿದ್ದೇ ಸರಿ. ಹಿಂದಕ್ಕೆ ಹೊಸದು ಹಾಕುತ್ತೇನೆ. ಹಳೆಯದನ್ನು ರಿಪೇರಿ ಮಾಡಿ ಕಡೂರು ಕಡೆಗೆ ಇಟ್ಟುಕೊಳ್ಳಬಹುದಾ?

ಗಾಲಿಮನೆ:
8 ಮಿ.ಮೀ. ಆದರೆ ಮಾಡಬಹುದು. ಒಂದು ಸೆಂ.ಮೀ. ದಾಟಿದ್ದರೆ ಬೇಡ ಅನ್ನುತ್ತಿದ್ದೆ. ಪ್ಲಗ್ (ತೂತಿಗೆ ತುರುಕುವ ರಬ್ಬರ್ ಎಳೆ) ಒಂದನ್ನೇ ನಂಬಬೇಡಿ, ಸೈಡ್ ಬಾಗುತ್ತಲೇ ಇರುವುದರಿಂದ ಹೊರಗೆ ಬರುತ್ತದೆ. ಒಳಗಿನ ಸೀಲೆಂಟ್ ಪೊರೆ ಪೂರ್ತಿ ಕಿತ್ತು, ಸೋಪು ನೀರಲ್ಲಿ ತೊಳೆದು ಒಣಗಿಸಿ. ಗಾಯದ ಅಂಚಿನಿಂದ 3–4 ಮಿ.ಮೀ. ಬಿಟ್ಟು ನೈಲಾನ್ ದಾರದಲ್ಲಿ ಹೊಲಿಯಿರಿ. ತುಟಿ ಸೇರಿದರೆ ಸಾಕು, ಸುಕ್ಕು ಬರುವಷ್ಟು ಬಿಗಿಯಬೇಡಿ. ಒಳಗೆ ಉಪ್ಪುಕಾಗದ ತಿಕ್ಕಿ, ಸೊಲ್ಯೂಷನ್ ಹಚ್ಚಿ, ಹೊಳಪು ಹೋಗಿ ಬೆರಳಿಗೆ ಅಂಟದಂತಾಗುವವರೆಗೆ ಕಾಯಿರಿ. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಬಟ್ಟೆ ಪದರದ ಟೈರ್ ಪ್ಯಾಚ್ ಒತ್ತಿ, ಒಂದು ದಿನ ಹಾಗೇ ಬಿಡಿ.

ದಾರಿ ಮಧ್ಯೆ ಹರಿದರೆ ಹಳೇ ಟೈರಿನ ಸೈಡಿಂದ ಕತ್ತರಿಸಿದ ತುಂಡನ್ನು ಗಾಯಕ್ಕೆ ಒಳಗಿಂದ ಕೊಟ್ಟು ಟ್ಯೂಬ್ ಹಾಕಬೇಕು. ಅದಕ್ಕೂ ಮುಂಚೆ ಟೈರಿನ ಒಳಮೈ ಪೂರ್ತಿ ನಿಧಾನವಾಗಿ ಸವರಿ. ಸೀಲೆಂಟ್ ಮುಚ್ಚಿಕೊಂಡಿದ್ದ ಹಳೇ ಜಾಲಿಮುಳ್ಳಿನ ತುದಿಗಳು ಹತ್ತಾರು ಇರುತ್ತವೆ, ಒಂದು ಉಳಿದರೂ ಹೊಸ ಟ್ಯೂಬ್ ಹೋಯಿತು.